ಸ್ಟೂಲು ಇತ್ತು, ಕೂರುವ ಧೈರ್ಯವಿರಲಿಲ್ಲ: ಆಪರೇಷನ್ ಥಿಯೇಟರಿನ ಶುಶ್ರೂಷಕಿಯೊಬ್ಬರ ಪ್ರಕರಣ

ಆಪ್ತಸಲಹೆಗೆಂದು ನನ್ನ ಬಳಿ ಬಂದ ಈ ಪ್ರಕರಣದ ವ್ಯಕ್ತಿಯನ್ನು ವರಲಕ್ಷ್ಮಿ ಎಂದು ಕರೆಯುತ್ತೇನೆ. ವಯಸ್ಸು ನಲವತ್ತೆರಡು. ಕೋಲಾರದ ಖಾಸಗಿ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಹಿರಿಯ ಶುಶ್ರೂಷಕಿ. ಗಂಡ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಎಂಟನೆಯ ತರಗತಿಯಲ್ಲಿ ಓದುವ ಮಗ ಮತ್ತು ಅತ್ತೆ ಮನೆಯಲ್ಲಿದ್ದಾರೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಲು ಕೊಟ್ಟು, ಒಪ್ಪಿಗೆ ಪಡೆದ ಮೇಲೆಯೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಆಸ್ಪತ್ರೆಗಳಲ್ಲಿ ದುಡಿಯುವವರು, ಅವರ ಮನೆಯವರು ಮತ್ತು ಅವರಿಗೆ ಡ್ಯೂಟಿ ಹಾಕುವವರು ಇದನ್ನು ಓದಬೇಕೆಂಬುದು ನನ್ನ ಆಸೆ.

ಮೊದಲ ಭೇಟಿಯಲ್ಲಿ ಅವರು ಮೂರು ಸಂಗತಿ ಹೇಳಿದರು. ಗಣಿತದ ಪುಸ್ತಕ ಕಳೆದುಕೊಂಡು ಬಂದ ಮಗನಿಗೆ ಕೆನ್ನೆಗೆ ಹೊಡೆದಿದ್ದರು. ಅದುವರೆಗೆ ಅವನ ಮೇಲೆ ಕೈ ಎತ್ತಿದವರಲ್ಲ. ಅತ್ತೆಯ ಜೊತೆ ಮಾತು ನಿಂತು ತಿಂಗಳಾಗಿತ್ತು. ರಾಜೀನಾಮೆ ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. “ನನಗೆ ಏನೋ ಆಗಿದೆ ಮೇಡಂ. ಮೊದಲು ನಾನು ಹೀಗಿರಲಿಲ್ಲ. ಖಿನ್ನತೆ ಇರಬಹುದು ಎಂದು ನಮ್ಮ ಮನೆಯವರು ಕಳಿಸಿದರು” ಎಂದರು. ಕಾಲಿನ ಬಗ್ಗೆ ಒಂದು ಮಾತೂ ಬರಲಿಲ್ಲ. ಆದರೆ ಕುರ್ಚಿಯಲ್ಲಿ ಕುಳಿತ ಸ್ವಲ್ಪ ಹೊತ್ತಿಗೇ ಅವರು ಚಪ್ಪಲಿ ಕಳಚಿ, ಎದುರಿನ ಮೇಜಿನ ಕೆಳಗಿನ ಅಡ್ಡಪಟ್ಟಿಯ ಮೇಲೆ ಎರಡೂ ಪಾದ ಏರಿಸಿಕೊಂಡರು. ತಾವು ಹಾಗೆ ಮಾಡಿದ್ದು ಅವರ ಗಮನಕ್ಕೂ ಬಂದಿರಲಿಲ್ಲ.

ಕಾಲು ನೋಯುತ್ತಿದೆಯೇ ಎಂದು ಕೇಳಿದೆ.

“ಕಾಲು ಯಾರಿಗೆ ನೋಯುವುದಿಲ್ಲ? ಅದು ಡ್ಯೂಟಿಯ ಜೊತೆಗೇ ಬಂದದ್ದು. ಅದನ್ನು ಹೇಳಿಕೊಳ್ಳಲು ನಾನು ಇಲ್ಲಿಗೆ ಬಂದಿಲ್ಲ.”

ಹೇಳಿಕೊಳ್ಳಿ, ಕೇಳುತ್ತೇನೆ ಎಂದ ಮೇಲೆ ಒಂದೊಂದಾಗಿ ಹೊರಬಂತು. ಸಂಜೆ ಹೊತ್ತಿಗೆ ಕಾಲು ಸೀಸ ತುಂಬಿದಷ್ಟು ಭಾರವಾಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ನಾಲ್ಕು ಹೆಜ್ಜೆಗೆ ಹಿಮ್ಮಡಿಯಲ್ಲಿ ಮೊಳೆ ಹೊಡೆದಂಥ ನೋವು. ರಾತ್ರಿ ಎರಡು ಗಂಟೆಗೆ ಮೀನಖಂಡ ಹಿಡಿದುಕೊಂಡು ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಕಾಲುಚೀಲ ಜಾರಿಸಿ ತೋರಿಸಿದರು. ಎಲಾಸ್ಟಿಕ್ ಪಟ್ಟಿ ಕೂತಿದ್ದ ಕಡೆ ಆಳವಾದ ಗೆರೆ, ಅದರ ಕೆಳಗೆ ಊತ. ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಬಿದ್ದ ಗುಳಿ ಬಹಳ ನಿಧಾನವಾಗಿ ತುಂಬಿಕೊಂಡಿತು. ಎಡಗಾಲಿನ ಮೀನಖಂಡದ ಒಳಬದಿಯಲ್ಲಿ ನೀಲಿ ರಕ್ತನಾಳವೊಂದು ಹಾವಿನಂತೆ ಹರಿದು ಗಂಟುಗಂಟಾಗಿತ್ತು. ರೋಗಿಯ ಕಾಲಿನಲ್ಲಿ ಇಷ್ಟು ಊತ ಕಂಡಿದ್ದರೆ ಇವರು ಕೂಡಲೇ ವೈದ್ಯರಿಗೆ ತಿಳಿಸುತ್ತಿದ್ದರು. ತಮ್ಮ ಕಾಲೆಂಬ ಕಾರಣಕ್ಕೆ ವರ್ಷಗಟ್ಟಲೆ ಕಾಲುಚೀಲದಲ್ಲಿ ಮುಚ್ಚಿಟ್ಟಿದ್ದರು.

ಖಿನ್ನತೆಯ ತಪಾಸಣೆಗೆ ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಅವರಿಗೆ 27ಕ್ಕೆ 11 ಅಂಕ ಬಂತು. ಅಂದರೆ ಮಧ್ಯಮ ಮಟ್ಟ. ಸಾಯುವ ಅಥವಾ ತಮ್ಮನ್ನು ತಾವು ನೋಯಿಸಿಕೊಳ್ಳುವ ಯೋಚನೆಯ ಬಗ್ಗೆ ಇರುವ ಕೊನೆಯ ಪ್ರಶ್ನೆಗೆ ಅವರ ಉತ್ತರ ಸೊನ್ನೆಯಾಗಿತ್ತು. ಅದು ಸೊನ್ನೆಯಲ್ಲದಿದ್ದರೆ ನನ್ನ ದಾರಿಯೇ ಬೇರೆಯಾಗುತ್ತಿತ್ತು. ಉಳಿದ ಅಂಕಗಳ ಬಹುಪಾಲು ನಿದ್ದೆ, ಆಯಾಸ ಮತ್ತು ಚಡಪಡಿಕೆಯಿಂದ ಬಂದಿತ್ತು. ಪ್ರತಿ ರಾತ್ರಿ ಎರಡು ಗಂಟೆಗೆ ನೋವಿನಿಂದ ಎಚ್ಚರವಾಗುವ ಯಾರಿಗಾದರೂ ಇಷ್ಟು ಅಂಕ ಬಂದೀತು. ದೇಹದ ನೋವನ್ನೂ ಮನಸ್ಸಿನ ಖಾತೆಗೇ ಬರೆದುಬಿಡುವ ಅಪಾಯ ನಮ್ಮ ವೃತ್ತಿಯಲ್ಲಿ ಸದಾ ಇದೆ. ಹಾಗಾಗಿ ಮೊದಲು ವೈದ್ಯರು, ಆಮೇಲೆ ನಾನು ಎಂದು ಹೇಳಿ ಶಸ್ತ್ರವೈದ್ಯರೊಬ್ಬರ ಬಳಿಗೆ ಕಳಿಸಿದೆ. ನೀವು ದುಡಿಯುವ ಆಸ್ಪತ್ರೆ ಬೇಡ, ಬೇರೆ ಕಡೆ ತೋರಿಸಿ ಎಂದೆ. ಸಹೋದ್ಯೋಗಿಗಳ ಎದುರು ಕಾಲು ತೋರಿಸುವ ಸಂಕೋಚಕ್ಕೇ ಅವರು ಇಷ್ಟು ವರ್ಷ ಸುಮ್ಮನಿದ್ದದ್ದು.

ರಕ್ತದ ಹರಿವನ್ನು ನೋಡುವ ಡಾಪ್ಲರ್ ಪರೀಕ್ಷೆಯಲ್ಲಿ ಎಡಗಾಲಿನ ಅಭಿಧಮನಿಯ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳದ) ಕವಾಟಗಳು ಸರಿಯಾಗಿ ಮುಚ್ಚುತ್ತಿಲ್ಲವೆಂದು ತಿಳಿಯಿತು. ರಕ್ತದ ಹೆಪ್ಪು ಇರಲಿಲ್ಲ. ರಕ್ತಹೀನತೆ ಸ್ವಲ್ಪ ಇತ್ತು. ಹಿಮ್ಮಡಿಯ ನೋವು ಅಂಗಾಲಿನ ದಪ್ಪ ಪೊರೆಯ ಉರಿಯೂತದ್ದು. ವೈದ್ಯರು ಕುಡಿಯುವ ನೀರು ಎಲ್ಲಿಯದು ಎಂದೂ ಕೇಳಿದ್ದರಂತೆ. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಕಡೆ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿಯುತ್ತವೆ, ಸೊಂಟ ಬಗ್ಗುವುದಿಲ್ಲ. ನಮ್ಮ ಈ ಬಯಲುಸೀಮೆಯಲ್ಲಿ ಕಾಲುನೋವು ಎಂದು ಬಂದವರ ನೀರಿನ ಬಗ್ಗೆ ಕೇಳದೆ ಎಲ್ಲವನ್ನೂ ನಿಲ್ಲುವ ಕೆಲಸದ ತಲೆಗೆ ಕಟ್ಟಬಾರದು. ವರಲಕ್ಷ್ಮಿಯವರ ಮನೆಯಲ್ಲಿ ಬಹುಕಾಲದಿಂದ ಶುದ್ಧ ನೀರಿನ ಘಟಕದ ಕ್ಯಾನು ತರುತ್ತಿದ್ದರು. ಅವರ ಕೀಲುಗಳಲ್ಲಿ ಫ್ಲೋರೋಸಿಸ್ ಲಕ್ಷಣ ಕಾಣಲಿಲ್ಲ.

ಎರಡನೆಯ ಭೇಟಿಗೆ ಬಂದಾಗ ಅವರು ಕೇಳಿದ್ದು ಇಷ್ಟೇ: “ನಡೆದಾಡುವ ವಾರ್ಡಿನ ಸಿಸ್ಟರ್‌ಗಳಿಗಿಂತ ನಿಂತಲ್ಲೇ ನಿಲ್ಲುವ ನನಗೆ ಯಾಕೆ ಹೆಚ್ಚು ನೋವು?” ದೇಹಶಾಸ್ತ್ರ ಅವರು ಓದಿದ ವಿಷಯವೇ. ಆದರೂ ತಮ್ಮ ಕಾಲಿಗೆ ಅದನ್ನು ಅನ್ವಯಿಸಿ ನೋಡಿರಲಿಲ್ಲ. ಪಾದದಿಂದ ಹೃದಯದ ಕಡೆಗೆ ರಕ್ತ ಮೇಲೇರಬೇಕಾದರೆ ಮೀನಖಂಡದ ಸ್ನಾಯು ಅದನ್ನು ಹಿಂಡಬೇಕು. ಬೋರ್‌ವೆಲ್ ಕೈಪಂಪಿನ ಹಿಡಿ ಆಡಿಸಿದಷ್ಟು ಹೊತ್ತು ಮಾತ್ರ ನೀರು ಮೇಲೆ ಬರುವ ಹಾಗೆ, ಹೆಜ್ಜೆ ಹಾಕಿದಾಗ ಮಾತ್ರ ಈ ಪಂಪು ಕೆಲಸ ಮಾಡುತ್ತದೆ. ಅಲುಗಾಡದೆ ನಿಂತಾಗ ಕಾಲಿನ ಹರಡಿನ ಬಳಿ ಅಭಿಧಮನಿಯ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಆರೋಗ್ಯವಂತರು ನಡೆಯತೊಡಗಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಒತ್ತಡ ಇಳಿಯದೆ ವರ್ಷಗಳು ಉರುಳಿದರೆ ನಾಳ ಹಿಗ್ಗುತ್ತದೆ. ಹಿಗ್ಗಿದ ನಾಳದಲ್ಲಿ ಕವಾಟದ ತುದಿಗಳು ಒಂದಕ್ಕೊಂದು ತಾಗುವುದಿಲ್ಲ. ಏರಿದ ರಕ್ತ ಮತ್ತೆ ಕೆಳಗಿಳಿದು ನಿಲ್ಲುತ್ತದೆ.

ಇದಕ್ಕೆ ಪುರಾವೆ ಹೊಸದಲ್ಲ. ಡೆನ್ಮಾರ್ಕಿನಲ್ಲಿ ದುಡಿಯುವ ವಯಸ್ಸಿನವರನ್ನು ಹನ್ನೆರಡು ವರ್ಷ ಗಮನಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಕೆಲಸದ ಹೊತ್ತಿನ ಮುಕ್ಕಾಲು ಪಾಲನ್ನು ಕಾಲಮೇಲೆಯೇ ಕಳೆಯುವವರು ಉಬ್ಬಿದ ಅಭಿಧಮನಿಗಾಗಿ ಆಸ್ಪತ್ರೆಗೆ ದಾಖಲಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು 1.8 ಪಟ್ಟು ಎಂದು ಅದು ತೋರಿಸಿತು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಅಷ್ಟೇ ಕಾಲ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಾಗಿ ನಿಂತು ಮಾಡುವ ಕೆಲಸದವರಿಗೆ ಹೃದ್ರೋಗದ ಅಪಾಯ ಕುಳಿತು ಮಾಡುವವರ ಸುಮಾರು ಎರಡರಷ್ಟು ಕಂಡಿತು. ವರಲಕ್ಷ್ಮಿಯವರಿಗೆ ಈ ಅಂಕಿಗಳನ್ನು ಹೇಳಿದ್ದು ಹೆದರಿಸಲು ಅಲ್ಲ. ಇದು ತಮ್ಮ ದೇಹದ ದೌರ್ಬಲ್ಯವೆಂದು, ವಯಸ್ಸೆಂದು, ತೂಕವೆಂದು ಅವರು ತಮ್ಮನ್ನೇ ದೂರಿಕೊಳ್ಳುತ್ತಿದ್ದರು. ಕೆಲಸದ ಸ್ವರೂಪಕ್ಕೂ ಇದರಲ್ಲಿ ಪಾಲಿದೆ ಎಂಬುದು ಅವರಿಗೆ ತಿಳಿಯಬೇಕಿತ್ತು.

ನಂತರ ಒಂದು ಕೆಲಸ ಕೊಟ್ಟೆ. ಎರಡು ವಾರ, ಪ್ರತಿ ಡ್ಯೂಟಿಯ ಕೊನೆಗೆ, ಎಷ್ಟು ಹೊತ್ತು ನಿಂತೆ ಎಂದಷ್ಟೇ ಅಲ್ಲದೆ ಯಾಕೆ ನಿಂತೆ ಎಂದೂ ಬರೆದಿಡಬೇಕು. ಅವರು ಬರೆದು ತಂದ ನೋಟ್‌ಬುಕ್ ಈ ಪ್ರಕರಣದ ತಿರುಳು. ಎಂಟು ಗಂಟೆಯ ಡ್ಯೂಟಿಯಲ್ಲಿ ಸರಾಸರಿ ಆರೂವರೆ ಗಂಟೆ ನಿಂತಿದ್ದರು. ಅದರಲ್ಲಿ ಕೈತೊಳೆದು, ಗೌನು ತೊಟ್ಟು, ಸರ್ಜನ್ನರ ಎದುರು ಉಪಕರಣ ಕೊಡುತ್ತಾ ನಿಂತದ್ದು ಮೂರೂವರೆ ಗಂಟೆ. ಮೂಳೆ ಶಸ್ತ್ರಚಿಕಿತ್ಸೆಯಿದ್ದ ದಿನ ಎಕ್ಸ್‌ರೇ ತಡೆಯುವ ಐದಾರು ಕಿಲೊ ತೂಕದ ಸೀಸದ ಏಪ್ರನ್ನೂ ಮೈಮೇಲೆ. ಉಳಿದ ಮೂರು ಗಂಟೆ ಹೋದದ್ದು ಅರಿವಳಿಕೆ ತಜ್ಞರು ಬರಲಿ ಎಂದು ಕಾಯುವುದಕ್ಕೆ, ಉಪಕರಣ ಎಣಿಸಿ ಕಟ್ಟುವುದಕ್ಕೆ, ಗಾಯಕ್ಕೆ ಬಳಸುವ ಗಾಜ್ ಬಟ್ಟೆ ಮಡಚುವುದಕ್ಕೆ, ರಿಜಿಸ್ಟರ್ ಬರೆಯುವುದಕ್ಕೆ, ಒಂದು ಕೇಸು ಮುಗಿದು ಇನ್ನೊಂದು ಒಳಗೆ ಬರುವ ತನಕ ಗೋಡೆಗೆ ಆತುಕೊಂಡಿರುವುದಕ್ಕೆ. ಕೊನೆಯ ಪುಟದಲ್ಲಿ ಅವರೇ ಒಂದು ಸಾಲು ಸೇರಿಸಿದ್ದರು: “ಈ ಮೂರು ಗಂಟೆ ಕೂತಿದ್ದರೆ ರೋಗಿಗೆ ಏನೂ ತೊಂದರೆಯಾಗುತ್ತಿರಲಿಲ್ಲ.”

ಅದೇ ನೋಟ್‌ಬುಕ್ಕಿನಿಂದ ಚಪ್ಪಲಿಯ ಸಂಗತಿಯೂ ತಿಳಿಯಿತು. ಥಿಯೇಟರಿನ ಒಳಗೆ ಹೊರಗಿನ ಪಾದರಕ್ಷೆ ತರುವಂತಿಲ್ಲ. ಬಾಗಿಲ ಬಳಿಯ ಗೂಡಿನಲ್ಲಿ ಎಲ್ಲರಿಗೂ ಸೇರಿದ ರಬ್ಬರ್ ಚಪ್ಪಲಿಗಳಿರುತ್ತವೆ, ಮೊದಲು ಬಂದವರಿಗೆ ಸರಿಯಾದ ಅಳತೆ. ಐದನೇ ನಂಬರಿನ ಪಾದದ ಇವರಿಗೆ ಹೆಚ್ಚಿನ ದಿನ ಸಿಗುತ್ತಿದ್ದದ್ದು ಎಂಟನೇ ನಂಬರಿನದು. ಅದರ ಹಿಮ್ಮಡಿಯ ಜಾಗ ಸವೆದು ಕಾಗದದಂತೆ ತೆಳ್ಳಗಾಗಿತ್ತು. ಜಾರದಂತೆ ಕಾಲ್ಬೆರಳಿನಿಂದ ಅದನ್ನು ಕಚ್ಚಿ ಹಿಡಿದುಕೊಂಡೇ ಇಡೀ ಶಸ್ತ್ರಚಿಕಿತ್ಸೆ ಮುಗಿಸಬೇಕು. ಅಂಗಾಲಿನ ಪೊರೆಗೆ ಇದಕ್ಕಿಂತ ಕೆಟ್ಟ ಶಿಕ್ಷೆಯಿಲ್ಲ. ಹಿಮ್ಮಡಿ ಹಿಡಿದಿಡುವ, ತೊಳೆಯಬಹುದಾದ ಸ್ವಂತ ಜೋಡಿಯನ್ನು ತಂದು, ಹೆಸರು ಬರೆದು, ಥಿಯೇಟರಿನಲ್ಲೇ ಇಡಿ ಎಂದೆ. ಇದಕ್ಕೆ ಯಾರ ಅನುಮತಿಯೂ ಬೇಕಾಗಲಿಲ್ಲ. ಮೊದಲು ಕಡಿಮೆಯಾದದ್ದೂ ಹಿಮ್ಮಡಿಯ ನೋವೇ.

ಕೂರುವ ಮಾತು ಅಷ್ಟು ಸುಲಭವಾಗಿರಲಿಲ್ಲ. ಥಿಯೇಟರಿನಲ್ಲಿ ಸ್ಟೂಲುಗಳಿಲ್ಲವೇ ಎಂದು ಕೇಳಿದಾಗ ಅವರು ತಡವರಿಸಿದರು. ಎರಡು ಇದ್ದವು. ಒಂದು ಅರಿವಳಿಕೆ ತಜ್ಞರದು, ಇನ್ನೊಂದು ಉಪಕರಣ ಕಟ್ಟುವ ಕೋಣೆಯಲ್ಲಿ, ಅದರ ಮೇಲೆ ಸದಾ ಲಿನನ್ ಗಂಟು. ಆ ಗಂಟನ್ನು ಇಳಿಸಿ ಯಾವತ್ತಾದರೂ ಕುಳಿತದ್ದುಂಟೇ? ಇಲ್ಲ. ಕೂರಬೇಡಿ ಎಂದು ಯಾರಾದರೂ ಹೇಳಿದ್ದುಂಟೇ? ಅದೂ ಇಲ್ಲ.

ಇಲ್ಲಿ ನಾವು ಬಹಳ ಹೊತ್ತು ನಿಂತೆವು. ನರ್ಸಿಂಗ್ ಕಲಿಯುವಾಗ ಹಿರಿಯರು ಬಂದರೆ ಎದ್ದು ನಿಲ್ಲಬೇಕೆಂದು ಕಲಿಸಿದ್ದರು. ಹದಿನೆಂಟರ ವಯಸ್ಸಿನಲ್ಲಿ ಕುಳಿತಿದ್ದಾಗ ರೋಗಿಯ ಕಡೆಯವರೊಬ್ಬರು “ಸಂಬಳ ತೆಗೆದುಕೊಂಡು ಕೂತಿದ್ದಾಳೆ ನೋಡಿ” ಎಂದದ್ದು ಇಪ್ಪತ್ತನಾಲ್ಕು ವರ್ಷದ ನಂತರವೂ ಅವರಿಗೆ ಅದೇ ಧ್ವನಿಯಲ್ಲಿ ಕೇಳಿಸುತ್ತದೆ. ಕೂತ ಶುಶ್ರೂಷಕಿ ಎಂದರೆ ಸೋಮಾರಿ. ನಿಂತವಳು ಸೇವಾಮಯಿ. ಆಸ್ಪತ್ರೆಯ ಆಡಳಿತ ಈ ಮಾತನ್ನು ಎಲ್ಲೂ ಬರೆದಿಲ್ಲ, ಬರೆಯುವ ಅಗತ್ಯವೂ ಅದಕ್ಕೆ ಬಿದ್ದಿಲ್ಲ. ದುಡಿಯುವವರೇ ಅದನ್ನು ತಲೆಯೊಳಗೆ ಹೊತ್ತು ತಿರುಗುತ್ತಿದ್ದಾರೆ. ನನ್ನ ಬಳಿಗೆ ಬರುವ ಬೇರೆ ಶುಶ್ರೂಷಕಿಯರು, ಪ್ರಯೋಗಾಲಯದ ತಂತ್ರಜ್ಞರು, ಔಷಧ ಕೊಡುವ ಕೌಂಟರಿನ ಹುಡುಗರು ಇದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳುತ್ತಾರೆ. ಮೂತ್ರಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದೆ ಇರುವುದೂ ಇದರದೇ ಇನ್ನೊಂದು ಮುಖ. ನನಗೆ ಇದು ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ. ರೋಗಿಯ ನೆಮ್ಮದಿಗಾಗಿ ದುಡಿಯುವವರಿಗೆ ಸ್ವಂತ ದೇಹದ ಸಣ್ಣ ಅಗತ್ಯಗಳು ನಾಚಿಕೆಯ ವಿಷಯವಾಗಬಾರದು.

ನಾಚಿಕೆಯನ್ನು ಮಾತಿನಿಂದ ಓಡಿಸಲಾಗುವುದಿಲ್ಲ, ಅಭ್ಯಾಸದಿಂದ ಸಡಿಲಿಸಬಹುದು. ಅವರು ನೋಟ್‌ಬುಕ್ಕಿನ ಗಂಟೆಗಳನ್ನು ಮೂರು ಪಾಲು ಮಾಡಿದರು: ನಿಲ್ಲಲೇಬೇಕಾದದ್ದು, ಕೂತರೂ ನಡೆಯುವಂಥದ್ದು, ಯಾರಾದರೂ ನೋಡುತ್ತಾರೆಂದು ನಿಂತದ್ದು. ಮೂರನೆಯ ಪಾಲಿನಿಂದ ಶುರು ಮಾಡಿದೆವು. ಮೊದಲ ವಾರ, ಉಪಕರಣ ಕಟ್ಟುವ ಕೋಣೆಯಲ್ಲಿ ಲಿನನ್ ಗಂಟು ಇಳಿಸಿ, ಬಾಗಿಲು ತೆರೆದೇ ಇಟ್ಟು, ಕುಳಿತು ಗಾಜ್ ಮಡಚಬೇಕು. ಯಾರಾದರೂ ಒಳಗೆ ಬಂದರೆ ಎದ್ದೇಳುವ ಮುನ್ನ ಒಂದು ಉಸಿರು ಪೂರ್ತಿ ಎಳೆದು ಬಿಡಬೇಕು. ಎದ್ದೇಳಬೇಕೋ ಬೇಡವೋ ಎಂದು ಆಮೇಲೆ ತೀರ್ಮಾನಿಸಬೇಕು. ಮೊದಲ ದಿನ ಸರ್ಜನ್ ಬಂದಾಗ ಉಸಿರು ಎಳೆಯುವ ಮೊದಲೇ ಎದ್ದು ನಿಂತಿದ್ದರಂತೆ. ಅದೇ ವಾರ ಇನ್ನೊಮ್ಮೆ ಕುಳಿತೇ ಇದ್ದರು. ಸರ್ಜನ್ ಏಳು ನಂಬರಿನ ಗ್ಲೌಸ್ ಎಲ್ಲಿದೆ ಎಂದು ಕೇಳಿ, ತೆಗೆದುಕೊಂಡು ಹೋದರು. “ಅಷ್ಟೇ ಮೇಡಂ. ಏನೂ ಆಗಲಿಲ್ಲ” ಎಂದು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು.

ಕಾನೂನಿನ ಬಗ್ಗೆಯೂ ಮಾತನಾಡಿದೆವು. ನಿಂತು ದುಡಿಯಬೇಕಾದವರಿಗೆ ಕೂರುವ ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೇ ಕಲಮಿನಲ್ಲೇ ಬರೆಯಲಾಗಿತ್ತು. ಕಲ್ಲಿಕೋಟೆಯ ಬಟ್ಟೆ ಅಂಗಡಿಗಳ ಮಹಿಳೆಯರು ವರ್ಷಗಟ್ಟಲೆ ಹೋರಾಡಿದ ಮೇಲೆ ಕೇರಳ 2018ರಲ್ಲಿ ಅಂಗಡಿ ನೌಕರರಿಗೆ ಕೂರುವ ಹಕ್ಕನ್ನು ಕಾಯಿದೆಗೆ ಸೇರಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಇವು ಅಂಗಡಿ, ಕಾರ್ಖಾನೆಗಳ ಮಾತು. ಕೋಲಾರದ ಆಸ್ಪತ್ರೆಯಲ್ಲಿ ಇವನ್ನು ಹಿಡಿದು ಯಾರನ್ನೂ ಪ್ರಶ್ನಿಸುವಂತಿಲ್ಲ. ಆದರೆ ಕೂರಲು ಕೇಳುವುದು ತಮ್ಮೊಬ್ಬರ ಹಟವಲ್ಲ ಎಂಬ ಧೈರ್ಯ ಅವರಿಗೆ ಬಂತು.

ರಾಜೀನಾಮೆಯ ಬದಲು ಮನವಿ ಬರೆಯಲು ಕುಳಿತೆವು. ಮೊದಲ ಕರಡಿನಲ್ಲಿ ಕ್ಷಮಿಸಿ, ದಯವಿಟ್ಟು, ತೊಂದರೆಯಾಗುವುದಾದರೆ ಬೇಡ ಎಂಬ ಮಾತುಗಳೇ ತುಂಬಿದ್ದವು. ಅವನ್ನು ತೆಗೆಯಿರಿ, ದೂರು ಮತ್ತು ಅಳಲು ಎರಡೂ ಬೇಡ, ಲೆಕ್ಕ ಮಾತ್ರ ಇರಲಿ ಎಂದೆ. ಕೊನೆಗೆ ಉಳಿದದ್ದು ಒಂದೇ ಪುಟ. ಎರಡು ವಾರದ ಸಮಯದ ಲೆಕ್ಕ, ವೈದ್ಯರ ಪತ್ರದ ಪ್ರತಿ, ಆಮೇಲೆ ನಾಲ್ಕು ಕೋರಿಕೆ: ಉಪಕರಣ ಕೋಣೆಗೂ ಕಾಯುವ ಜಾಗಕ್ಕೂ ತೊಳೆಯಬಹುದಾದ ಎತ್ತರದ ಸ್ಟೂಲುಗಳು, ಉಪಕರಣ ಕೊಡುವವರು ಒಂದಾದ ಮೇಲೊಂದು ಪಾದ ಏರಿಸಿಕೊಳ್ಳಲು ತಗ್ಗಿನ ಮೆಟ್ಟಿಲು, ದೀರ್ಘ ಶಸ್ತ್ರಚಿಕಿತ್ಸೆಯ ನಂತರದ ಕೇಸಿಗೆ ಓಡಾಡುವ ಕೆಲಸ, ಮುಂದಿನ ಪಾಳಿಗೆ ಬರಬೇಕಾದ ರಿಲೀವರ್ ಬಾರದ ದಿನ ಒಬ್ಬರೇ ಎರಡು ಡ್ಯೂಟಿ ಮಾಡುವುದು ನಿಲ್ಲಬೇಕು.

ನರ್ಸಿಂಗ್ ಸೂಪರಿಂಟೆಂಡೆಂಟ್ ಓದಿ, “ನಿಮಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ” ಎಂದರು. ಈ ಮಾತು ಬರುತ್ತದೆಂದು ನಾವು ಮೊದಲೇ ಎಣಿಸಿದ್ದೆವು. ವರಲಕ್ಷ್ಮಿ ಸಿದ್ಧಮಾಡಿಕೊಂಡಿದ್ದ ಉತ್ತರ ಕೊಟ್ಟರು: “ಎಲ್ಲರಿಗೂ ಬೇಕು ಮೇಡಂ, ಅದಕ್ಕೇ ನನ್ನ ಹೆಸರಿಗೆ ಕೇಳಿಲ್ಲ, ಥಿಯೇಟರಿಗೆ ಕೇಳಿದ್ದೇನೆ.” ಶುದ್ಧತೆಗೆ ಧಕ್ಕೆಯಾಗುತ್ತದೆಂದು ಸರ್ಜನ್ನರೊಬ್ಬರು ಆಕ್ಷೇಪಿಸಿದರು. ಗೌನು ತೊಟ್ಟ ಮೇಲೆ ಕೂರುವ ಮಾತೇ ಇಲ್ಲ, ಅದರ ಹಿಂದೆ ಮುಂದೆ ಮಾತ್ರ ಎಂದು ನೋಟ್‌ಬುಕ್ಕಿನ ಪುಟ ತೆರೆದು ತೋರಿಸಿದರು. ಸ್ಟೂಲು, ಮೆಟ್ಟಿಲು ಮತ್ತು ದೀರ್ಘ ಕೇಸಿನ ನಂತರ ಕೆಲಸ ಬದಲಿಸುವುದಕ್ಕೆ ಒಪ್ಪಿಗೆ ಸಿಕ್ಕಿತು. ಎರಡು ಡ್ಯೂಟಿಯ ವಿಷಯ “ನೋಡೋಣ” ಎಂಬಲ್ಲಿಗೆ ನಿಂತಿತು. ಸ್ಟೂಲಿಗೆ ಖರ್ಚು ಕಡಿಮೆ, ಹೊಸ ಶುಶ್ರೂಷಕಿಯನ್ನು ನೇಮಿಸಲು ಹೆಚ್ಚು. ನಿಂತು ನಿಂತು ಹಾಳಾಗುವ ಕಾಲುಗಳ ಹಿಂದಿರುವ ದೊಡ್ಡ ಕಾರಣ ಸಿಬ್ಬಂದಿಯ ಕೊರತೆ. ಅದನ್ನು ಆಪ್ತಸಲಹೆಯಿಂದ ಸರಿಪಡಿಸಲು ಬರುವುದಿಲ್ಲ ಎಂಬುದನ್ನು ಅವರ ಎದುರೂ ಮುಚ್ಚಿಡಲಿಲ್ಲ.

ಮನೆಯ ಕಡೆಯ ಕೆಲಸ ಬೇರೆಯೇ ಇತ್ತು. ಡ್ಯೂಟಿ ಮುಗಿಸಿ ಬಂದವರು ಮತ್ತೆ ಅಡುಗೆ ಕಟ್ಟೆಯ ಎದುರು ಎರಡು ಗಂಟೆ ನಿಲ್ಲುತ್ತಿದ್ದರು. ಅತ್ತೆಯ ಜೊತೆ ಜಗಳ ಹುಟ್ಟಿದ್ದೂ ಅಲ್ಲಿಯೇ. ಕಾಲುನೋವು ಎಂದು ಒಮ್ಮೆ ಬಾಯಿಬಿಟ್ಟಾಗ ಅತ್ತೆ, “ನಾವು ರೇಷ್ಮೆ ಹುಳದ ಮನೆಯಲ್ಲಿ ರಾತ್ರಿಯಿಡೀ ನಿಂತು ತಟ್ಟೆಗೆ ಸೊಪ್ಪು ಹಾಕಿಲ್ಲವೇ? ನಮಗೆ ಕಾಲಿರಲಿಲ್ಲವೇ?” ಎಂದಿದ್ದರು. ಸೊಸೆ ಅಂದಿನಿಂದ ಮಾತು ಬಿಟ್ಟರು. ಗಂಡನನ್ನೂ ಅತ್ತೆಯನ್ನೂ ಒಮ್ಮೆ ಕರೆದುಕೊಂಡು ಬನ್ನಿ ಎಂದೆ.

ಅತ್ತೆಗೆ ಅರವತ್ತೆಂಟು. ಜಗಳದ ಮಾತನ್ನು ಎತ್ತದೆ, ರೇಷ್ಮೆ ಸಾಕಿದ ದಿನಗಳ ಬಗ್ಗೆ ಹೇಳಿ ಅಮ್ಮ ಎಂದೆ. ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಸೊಪ್ಪು ಎಷ್ಟು ಹಾಕಿದರೂ ಸಾಲದು, ನಡುರಾತ್ರಿಯೂ ಏಳಬೇಕು, ಕೂತರೆ ನಿದ್ದೆ ಬರುತ್ತದೆಂದು ನಿಂತೇ ಇರುತ್ತಿದ್ದೆವು ಎಂದು ಸೊಗಸಾಗಿ ವಿವರಿಸಿದರು. ಆಗ ಕಾಲು ಹೇಗಿರುತ್ತಿತ್ತು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸೀರೆಯ ಅಂಚನ್ನು ಒಂದು ಗೇಣು ಮೇಲೆತ್ತಿದರು. ಬಲಗಾಲಿನ ಹರಡಿನ ಒಳಬದಿಯ ಚರ್ಮ ಕಂದುಗಪ್ಪಾಗಿ, ಗಟ್ಟಿಯಾಗಿ, ಕೆರೆದ ಗುರುತುಗಳಿಂದ ತುಂಬಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಮುಚ್ಚಿಟ್ಟಿದ್ದರು. ಮಗನಿಗೂ ಸೊಸೆಗೂ ಗೊತ್ತಿರಲಿಲ್ಲ. ವರಲಕ್ಷ್ಮಿ ಕುರ್ಚಿಯಿಂದ ಇಳಿದು ನೆಲದ ಮೇಲೆ ಕುಳಿತು ಆ ಕಾಲನ್ನು ಮುಟ್ಟಿ ನೋಡಿ, “ಇದು ಹುಣ್ಣಾಗುವ ಮೊದಲು ತೋರಿಸಬೇಕು ಅತ್ತೆ, ನಾಳೆಯೇ ಹೋಗೋಣ” ಎಂದರು. ಅಭಿಧಮನಿಯ ತೊಂದರೆ ಉಲ್ಬಣಿಸಿದಾಗ ಮೊದಲು ಚರ್ಮ ಕಪ್ಪಾಗುತ್ತದೆ, ಆಮೇಲೆ ಅದೇ ಜಾಗದಲ್ಲಿ ಬೇಗ ಮಾಯದ ಹುಣ್ಣು ಬೀಳುತ್ತದೆ. ಸೊಸೆಗಿಂತ ಅತ್ತೆಯ ಚಿಕಿತ್ಸೆಯೇ ತುರ್ತಾಗಿತ್ತು. ಅವರಿಬ್ಬರ ನಡುವೆ ರಾಜಿ ಮಾಡಿಸುವ ಕೆಲಸ ನನಗೆ ಉಳಿಯಲಿಲ್ಲ.

ಗಂಡನಿಗೆ ಹೇಳಿದ್ದು ಚುಟುಕಾಗಿತ್ತು. ರಾತ್ರಿಯ ಮುದ್ದೆ ಅವರ ಪಾಲಿಗೆ ಬಂತು. ರಾಗಿ ಹಿಟ್ಟು ಕುದಿಯುವಾಗ ಗಂಟಾಗದಂತೆ ಕೋಲಿನಿಂದ ತೊಳಸುವುದು ತೋಳಿನ ಬಲದ ಕೆಲಸ, ಅದಕ್ಕೆ ಅವರು ಬೇಗ ಒಗ್ಗಿಕೊಂಡರು. ತರಕಾರಿ ಹೆಚ್ಚುವುದು, ಸೊಪ್ಪು ಬಿಡಿಸುವುದು ಊಟದ ಮೇಜಿಗೆ ವರ್ಗವಾಯಿತು. ಸಂಜೆ ಮನೆಗೆ ಬಂದ ಕೂಡಲೇ ಇಪ್ಪತ್ತು ನಿಮಿಷ ಬೆನ್ನ ಮೇಲೆ ಮಲಗಿ, ಪಾದಗಳನ್ನು ಎದೆಯ ಮಟ್ಟಕ್ಕಿಂತ ಮೇಲೆ ಇರುವಂತೆ ದಿಂಬಿನ ಮೇಲೆ ಇಡುವುದು ನಿಯಮವಾಯಿತು. ಮಗನೂ ಪಕ್ಕದಲ್ಲಿ ಹಾಗೆಯೇ ಮಲಗಿ ಶಾಲೆಯ ವಿಷಯ ಹೇಳುತ್ತಾನಂತೆ. ಹೊಡೆದದ್ದಕ್ಕೆ ಅವನ ಬಳಿ ನೇರವಾಗಿ ಕ್ಷಮೆ ಕೇಳಿ ಎಂದಿದ್ದೆ, ಕೇಳಿದರು.

ಇದೇ ತೊಂದರೆಯಲ್ಲಿರುವ ಓದುಗರಿಗೆ ಕೆಲವು ಮಾತು. ನಿಲ್ಲಲೇಬೇಕಾದಾಗ ಮರಗಟ್ಟಿ ನಿಲ್ಲಬೇಡಿ. ಹಿಮ್ಮಡಿ ಎತ್ತಿ ಇಳಿಸಿ, ಕಾಲ್ಬೆರಳು ಮಡಚಿ ಬಿಡಿಸಿ, ಭಾರವನ್ನು ಕಾಲಿನಿಂದ ಕಾಲಿಗೆ ಬದಲಿಸಿ. ಗೌನಿನ ಒಳಗೆ ಇದು ಯಾರಿಗೂ ಕಾಣುವುದಿಲ್ಲ. ಕಾಲನ್ನು ಹಿತವಾಗಿ ಬಿಗಿಯುವ ವೈದ್ಯಕೀಯ ಕಾಲುಚೀಲ ಬಹಳ ಉಪಕಾರಿ. ಬೆಳಿಗ್ಗೆ ಊತ ಏರುವ ಮೊದಲೇ ಅದನ್ನು ತೊಡಬೇಕು, ರಾತ್ರಿ ಮಲಗುವಾಗ ತೆಗೆಯಬೇಕು. ಆದರೆ ಔಷಧ ಅಂಗಡಿಯಲ್ಲಿ ಕೇಳಿ ತೊಟ್ಟುಕೊಳ್ಳುವ ವಸ್ತು ಅದಲ್ಲ. ಸಕ್ಕರೆ ಕಾಯಿಲೆಯವರು, ಧೂಮಪಾನಿಗಳು, ನಡೆದಾಗ ಮೀನಖಂಡ ಹಿಡಿದುಕೊಂಡು, ನಡಿಗೆ ನಿಲ್ಲಿಸಿದಾಗ ಸರಿಹೋಗುವವರು ಮೊದಲು ಪಾದದ ನಾಡಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕಾಲಿಗೆ ರಕ್ತ ತರುವ ಅಪಧಮನಿಯೇ ಕಟ್ಟಿಕೊಂಡಿದ್ದರೆ ಬಿಗಿ ಚೀಲದಿಂದ ಕಾಲಿಗೇ ಕುತ್ತು. ಹಿಮ್ಮಡಿ ನೋವಿದ್ದರೆ ಹಾಸಿಗೆಯಿಂದ ಇಳಿಯುವ ಮೊದಲೇ ಪಾದವನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿದು ಮೀನಖಂಡ ಹಿಗ್ಗಿಸಿ. ಗರ್ಭಿಣಿ ಸಹೋದ್ಯೋಗಿಯನ್ನು ಗಂಟೆಗಟ್ಟಲೆ ನಿಲ್ಲಿಸಬೇಡಿ. ದೀರ್ಘಕಾಲ ನಿಲ್ಲುವವರಲ್ಲಿ ದಿನ ತುಂಬುವ ಮುನ್ನ ಹೆರಿಗೆಯಾಗುವ ಅಪಾಯ ತುಸು ಹೆಚ್ಚೆಂದು ಅಧ್ಯಯನಗಳು ಹೇಳುತ್ತವೆ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನೋಯತೊಡಗಿದರೆ ಅದು ಹೆಪ್ಪಿರಬಹುದು. ಡ್ಯೂಟಿ ಮುಗಿಯಲಿ ಎಂದು ಕಾಯಬೇಡಿ. ಜೊತೆಗೆ ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಎದೆ ನೋಯತೊಡಗಿದರೆ ತುರ್ತು ವಿಭಾಗಕ್ಕೇ ಹೋಗಿ. ಉಬ್ಬಿದ ನಾಳ ಒಡೆದು ರಕ್ತ ಬಂದರೆ ಮಲಗಿ, ಕಾಲನ್ನು ಮೇಲೆತ್ತಿ, ಬಟ್ಟೆಯಿಂದ ಒತ್ತಿಹಿಡಿಯಿರಿ. ಮನಸ್ಸು ಕುಸಿಯುತ್ತಿದೆ ಎನ್ನಿಸಿದರೆ, ಕಾರಣ ಕಾಲೋ ಮನೆಯೋ ಎಂದು ಲೆಕ್ಕ ಹಾಕುತ್ತಾ ಕೂರದೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತನಾಡಬಹುದು, ಹಗಲೂ ರಾತ್ರಿಯೂ ಲಭ್ಯ.

ಮೂರು ತಿಂಗಳ ನಂತರ ಅದೇ ಒಂಬತ್ತು ಪ್ರಶ್ನೆಗಳಿಗೆ ವರಲಕ್ಷ್ಮಿಯವರ ಅಂಕ 4. ಕಬ್ಬಿಣದ ಮಾತ್ರೆ ಮುಗಿದಿದೆ, ಮೀನಖಂಡ ಹಿಡಿಯುವುದು ಅಪರೂಪವಾಗಿದೆ. ನಾಳದ ಗಂಟು ಹಾಗೆಯೇ ಇದೆ. ಬಿಗಿ ಚೀಲದಿಂದ ಅದು ಮಾಯವಾಗುವುದಿಲ್ಲ, ಮುಂದೆ ಲೇಸರ್ ಚಿಕಿತ್ಸೆ ಬೇಕಾಗಬಹುದೆಂದು ವೈದ್ಯರು ತಿಳಿಸಿದ್ದಾರೆ. ಎರಡು ಡ್ಯೂಟಿ ಒಟ್ಟಿಗೆ ಮಾಡುವ ದಿನಗಳು ಈಗಲೂ ಬರುತ್ತವೆ, ಆ ರಾತ್ರಿ ನೋವೂ ಬರುತ್ತದೆ. ರಾಜೀನಾಮೆ ಪತ್ರ ಹರಿದುಹಾಕಿದಿರಾ ಎಂದು ನಾನು ಕೇಳಿಲ್ಲ. ಕೊನೆಯ ಭೇಟಿಯಲ್ಲಿ ಅವರು ಎತ್ತಿದ್ದು ವಾರ್ಡಿನ ಆಯಾಗಳ ವಿಷಯ. ಬಟ್ಟೆ ಒಗೆಯುವ ಕೋಣೆಯ ಒದ್ದೆ ಸಿಮೆಂಟ್ ನೆಲದ ಮೇಲೆ ಅವರು ಬರಿಗಾಲಲ್ಲಿ ಇಡೀ ಪಾಳಿ ನಿಲ್ಲುತ್ತಾರೆ. ಬರೆಯಲು ಬಾರದವರ ನಿಲ್ಲುವ ಹೊತ್ತನ್ನು ಲೆಕ್ಕ ಇಡುವುದು ಹೇಗೆಂದು ಕೇಳಿದರು. ಅರ್ಧ ಗಂಟೆಗೊಂದು ಹುಣಸೆ ಬೀಜವನ್ನು ಡಬ್ಬಿಗೆ ಹಾಕಿಸಿ ಎಂದೆ. ಮುಂದಿನ ತಿಂಗಳ ಸಿಬ್ಬಂದಿ ಸಭೆಯ ವಿಷಯಪಟ್ಟಿಯಲ್ಲಿ ಆಯಾಗಳಿಗೆ ರಬ್ಬರ್ ಬೂಟು ಮತ್ತು ಮಣೆ ಎಂದು ಅವರು ಈಗಾಗಲೇ ಬರೆಸಿದ್ದಾರೆ.